ಆನಿಗೆ ಡ್ರೈವಿಂಗ್ ಕಲಿಸಿದ್ದು

ಕ್ಲಚ್ ಸುಟ್ಟ ವಾಸನೆ ನಿಮ್ಮಲ್ಲಿ ಎಷ್ಟು ಜನರಿಗೆ ಇಷ್ಟವೋ ಗೊತ್ತಿಲ್ಲ. ನನಗಂತೂ ಅದು ಮಲ್ಲಿಗೆ ಹೂವಿಗಿಂತ ಪ್ರಿಯ. ಹೊಸಬರು ಏರಿನಲ್ಲಿ ಗಾಡಿ ನಿಲ್ಲಿಸಲೂ ಆಗದೆ, ಮುಂದಕ್ಕೆ ಬಿಡಲೂ ಆಗದೆ, ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಒದ್ದಾಡುವಾಗ ಬಾನೆಟ್ಟಿನ ಕೆಳಗಿಂದ ಏಳುತ್ತದಲ್ಲ, ರಬ್ಬರೂ ಕೂದಲೂ ಒಟ್ಟಿಗೆ ಸುಟ್ಟಂಥ ಒಂದು ಘಾಟು, ಅದು. ಕಳೆದ ಭಾನುವಾರ ಸುಂಟಿಕೊಪ್ಪ ದಾಟಿದ ಮೇಲೆ ನಮ್ಮ ಮುಂದೆ ತೆವಳುತ್ತಿದ್ದ ಪ್ರವಾಸಿಗಳ ಕಾರೊಂದರಿಂದ ಆ ಘಾಟು ಬಂತು. ಸ್ಟಿಯರಿಂಗ್ ಹಿಡಿದಿದ್ದ ನನ್ನ ಮಗಳು ಮೂಗು ಮುರಿದು ತನ್ನ ಕಿಟಕಿಯ ಗಾಜು ಏರಿಸಿದಳು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ನಾನು ನನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿ ಉದ್ದಕ್ಕೆ ಉಸಿರೆಳೆದುಕೊಂಡೆ. ಆ ಒಂದೇ ಉಸಿರಿಗೆ, ಮೆರೂನ್ ಬಟ್ಟೆಯುಟ್ಟು, ತಲೆ ಬೋಳಿಸಿಕೊಂಡು, ಹಲ್ಲು ಕಚ್ಚಿ ಸ್ಟಿಯರಿಂಗ್ ಹಿಡಿದಿದ್ದ ಒಬ್ಬ ಹೆಂಗಸು ನನ್ನ ಕಣ್ಣ ಮುಂದೆ ಬಂದು ಕುಳಿತರು.

ಹಿಂದಿನ ಸೀಟಿನಲ್ಲಿ ಕುಳಿತಿದ್ದೆ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ. ನನ್ನನ್ನು ಬಲ್ಲವರು ಇದನ್ನು ಓದಿದರೆ ಬೇರೆ ಯಾರೋ ನನ್ನ ಹೆಸರಿನಲ್ಲಿ ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ಕುಶಾಲನಗರದಲ್ಲಿ ನಮ್ಮದೊಂದು ಡ್ರೈವಿಂಗ್ ಸ್ಕೂಲಿದೆ. ನಮ್ಮ ಮಾವನವರು ಹಾಸನದ ಕಡೆಯಿಂದ ಬಂದು ಇಲ್ಲಿ ಹೊಳೆಯಂಚಿನಲ್ಲಿ ಗದ್ದೆ ಮಾಡಿದವರು. ಅವರ ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ, ನೇಗಿಲಿಗಿಂತ ಕಾರಿನ ಗೇರು ಹೆಚ್ಚು ರುಚಿಸಿತು. ಸ್ಕೂಲು ಶುರು ಮಾಡಿದವರು ಅವರೇ. ನಾನು ಆಫೀಸಿನ ಮೇಜಿನ ಹಿಂದೆ ಕುಳಿತು ಬಂದವರನ್ನು ಮಾತಾಡಿಸುತ್ತಿದ್ದೆ. ಒಂದು ಮಳೆಗಾಲ, ಕಲಿಯುವವರೊಬ್ಬರನ್ನು ಏರು ರಸ್ತೆಯ ಅಭ್ಯಾಸಕ್ಕೆಂದು ಮಡಿಕೇರಿ ಕಡೆ ಕರೆದುಕೊಂಡು ಹೋದಾಗ, ಒಂದು ಕಡಿದಾದ ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ಜಾರಿ ಇವರ ಕಾರನ್ನು ರಸ್ತೆಬದಿಯ ಕಲ್ಲುಗೋಡೆಗೆ ಒತ್ತಿಬಿಟ್ಟಿತು. ಕಲಿಯುತ್ತಿದ್ದವರಿಗೆ ಏನೂ ಆಗಲಿಲ್ಲ. ಗೋಡೆಯ ಮಗ್ಗುಲಲ್ಲಿ ಕುಳಿತಿದ್ದ ಇವರ ಕಾಲು ಮುರಿಯಿತು. ರಾಡು ಹಾಕಿದರು, ಮೂಳೆ ಕೂಡಿತು, ಆದರೆ ಪೆಡಲು ಒತ್ತುವ ಬಲ ಆ ಕಾಲಿಗೆ ಮರಳಲಿಲ್ಲ. ಹೀಗೆ ಅವರು ಮೇಜಿನ ಹಿಂದೆ ಬಂದರು, ನಾನು ಕಾರಿನ ಎಡಗಡೆಯ ಸೀಟಿಗೆ ಹೋದೆ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರು ಕೂರುವ ಎಡಗಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ತಪ್ಪಿದರೆ ನಾವು ಒತ್ತಬೇಕು. ಅವರು ತಪ್ಪುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನನ್ನ ಬಲಗಾಲು ಸದಾ ಬ್ರೇಕಿನ ಮೇಲೆಯೇ ವಾಸವಾಗಿತ್ತು. ಕಾರಿನಿಂದ ಇಳಿದ ಮೇಲೂ ಅದಕ್ಕೆ ರಜೆಯಿಲ್ಲ. ಬಸ್ಸಿನಲ್ಲಿ ಕುಳಿತರೆ ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತಿದ್ದೆ. ಟಿವಿ ಧಾರಾವಾಹಿಯಲ್ಲಿ ನಾಯಕ ಜೋರಾಗಿ ಕಾರು ಬಿಟ್ಟರೆ ಮನೆಯ ನೆಲ ಒತ್ತುತ್ತಿದ್ದೆ. ಮಗಳು ಸಾರಿನ ಪಾತ್ರೆ ಬಗ್ಗಿಸುವುದು ಸ್ವಲ್ಪ ಬಿರುಸಾಯಿತೋ, ಊಟದ ಮೇಜಿನ ಕೆಳಗೆ ನನ್ನ ಕಾಲು ಬ್ರೇಕ್ ಹಾಕುತ್ತಿತ್ತು. ನಮ್ಮ ಯಜಮಾನರು, ಈ ಮನೆಯಲ್ಲಿ ಮುರಿಯದ ಕಾಲೇ ಹೆಚ್ಚು ತೊಂದರೆಯದ್ದು ಎಂದು ನಗುತ್ತಿದ್ದರು.

ಏರು ರಸ್ತೆಗೆ ಮಾತ್ರ ನಾನು ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ. ಕೂಡಿಗೆ ರಸ್ತೆ, ಕೂಡ್ಲೂರು ರಸ್ತೆ, ಬಸ್ ಸ್ಟ್ಯಾಂಡಿನ ಸುತ್ತ ಒಂದು ಸುತ್ತು, ಅಲ್ಲಿಗೆ ನನ್ನ ಪಾಠ ಮುಗಿಯಿತು. ಘಾಟ್ ರಸ್ತೆ ಯಾವಾಗ ಮೇಡಂ ಎಂದು ಯಾರಾದರೂ ಕೇಳಿದರೆ ಲೈಸೆನ್ಸ್ ಬಂದ ಮೇಲೆ ನಿಧಾನಕ್ಕೆ ನೀವೇ ಹೋಗಬಹುದು ಎನ್ನುತ್ತಿದ್ದೆ. ನಾನೇ ಮಡಿಕೇರಿಗೆ ಹೋಗಬೇಕಾಗಿ ಬಂದರೆ ಬಸ್ಸು ಹತ್ತುತ್ತಿದ್ದೆ. ಆ ತಿರುವು ಹತ್ತಿರವಾಗುತ್ತಿದ್ದಂತೆ ಕಣ್ಣು ಮುಚ್ಚಿಕೊಂಡು, ಬಸ್ಸು ಬಾಗಿ ಮತ್ತೆ ನೇರವಾಗುವವರೆಗೆ ತೆರೆಯುತ್ತಿರಲಿಲ್ಲ. ಇನ್ನು ಮಗಳು. ಅವಳಿಗೆ ಮೂರ್ನಾಡಿನ ಬ್ಯಾಂಕೊಂದರಲ್ಲಿ ಕೆಲಸ. ದಿನಾ ಬಸ್ಸು ಬದಲಿಸಿಕೊಂಡು ಹೋಗಿ ಬರುತ್ತಿದ್ದಳು. ಹದಿನೆಂಟು ತುಂಬಿದಾಗಿನಿಂದ ಕಾರು ಕಲಿಸು ಅನ್ನುತ್ತಿದ್ದಳು. ಊರಿನ ಅರ್ಧ ಜನಕ್ಕೆ ಕಲಿಸಿದ ನಾನು ಅವಳಿಗೆ ಮಾತ್ರ ಪರೀಕ್ಷೆ ಮುಗಿಯಲಿ, ಮಳೆ ಮುಗಿಯಲಿ, ರಸ್ತೆ ರಿಪೇರಿ ಮುಗಿಯಲಿ ಎನ್ನುತ್ತ ವರ್ಷಗಳನ್ನು ತಳ್ಳಿದ್ದೆ.

ಇಂಥ ಕಾಲದಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ಎತ್ತಿದ ಯಜಮಾನರು ಸ್ವಲ್ಪ ಹೊತ್ತು ಹೂಂ ಹೂಂ ಎಂದು, ಕೈಯಿಂದ ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು.

"ಯಾವ್ದೋ ಆನೆ ಅಂತೆ ಕಣೇ. ಡ್ರೈವಿಂಗ್ ಕಲೀಬೇಕಂತೆ."

ಆನೆಯಲ್ಲ, ಆನಿ. ಹೊಳೆಯಾಚೆಗಿನ ಟಿಬೆಟನ್ ಕ್ಯಾಂಪುಗಳಲ್ಲಿ ಬೌದ್ಧ ಸನ್ಯಾಸಿನಿಯರನ್ನು ಹಾಗೆ ಕರೆಯುತ್ತಾರೆ. ಮರುದಿನ ಆನಿ ದೋಲ್ಕರ್ ಆಟೋದಲ್ಲಿ ಬಂದಿಳಿದರು. ನಲವತ್ತರ ಆಸುಪಾಸಿನ ಹೆಂಗಸು, ದುಂಡು ಮುಖ, ಕಾಲಲ್ಲಿ ಸ್ಪೋರ್ಟ್ಸ್ ಶೂ. ಹುಟ್ಟಿ ಬೆಳೆದದ್ದೆಲ್ಲ ಕ್ಯಾಂಪಿನಲ್ಲೇ ಆದ್ದರಿಂದ ಅವರ ಕನ್ನಡ ನಮ್ಮ ಸಂತೆಯ ಕನ್ನಡವೇ. ಅವರ ಮಠದವರು ಗಾಳಿಬೀಡಿನ ಆಚೆಯ ಎಸ್ಟೇಟೊಂದರಲ್ಲಿ ಕೂಲಿಯವರಿರುವ ಲೈನ್ ಮನೆಗಳಿಗೆ ಆಗಾಗ ಔಷಧಿ ತೆಗೆದುಕೊಂಡು ಹೋಗುತ್ತಾರಂತೆ. ಬಾಡಿಗೆ ಗಾಡಿ ಸಿಗದಿದ್ದ ದಿನ ಹೋಗಲಾಗುವುದಿಲ್ಲ, ಅಲ್ಲಿ ರೋಗಿಗಳು ಕಾದು ಕುಳಿತಿರುತ್ತಾರೆ. ಈಗ ಯಾರೋ ಭಕ್ತರು ಒಂದು ಹಳೆಯ ಜೀಪು ಕೊಟ್ಟಿದ್ದಾರೆ. ಓಡಿಸಲು ಮಠದಲ್ಲಿ ಒಬ್ಬರಾದರೂ ಕಲಿಯಬೇಕೆಂದಾಗ ಎಲ್ಲರೂ ಇವರ ಕಡೆ ಬೆರಳು ತೋರಿಸಿದರಂತೆ. ಇದನ್ನೆಲ್ಲ ಹೇಳಿ, ಹೆದರಿಕೆ ಇದೆ ಅಕ್ಕ, ಬಯ್ಯಬೇಡಿ, ಎಂದು ನಕ್ಕರು.

ನನಗೋ ಒಳಗೊಳಗೇ ಖುಷಿ. ಬುದ್ಧನ ಬಗ್ಗೆ ನನಗೆ ಗೊತ್ತಿದ್ದದ್ದು ಶಾಲೆಯ ಪರೀಕ್ಷೆಗೆ ಬರೆದಷ್ಟೇ. ಆದರೂ ಧ್ಯಾನ ಮಾಡುವವರು, ಮನಸ್ಸು ನಿಂತ ನೀರಿನಂತಿರುತ್ತದೆ, ಮೂರು ದಿನದಲ್ಲಿ ಕಲಿತುಬಿಡುತ್ತಾರೆ ಎಂದು ಲೆಕ್ಕ ಹಾಕಿದೆ. ಆಮೇಲೆ ಆದದ್ದೇ ಬೇರೆ. ಅವರು ಕ್ಲಚ್ಚು ಬಿಟ್ಟ ರಭಸಕ್ಕೆ ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿತು, ಮತ್ತೆ ನಿಂತಿತು. ಉಟ್ಟ ಬಟ್ಟೆ ಪೆಡಲಿಗೆ ಸಿಕ್ಕಿಕೊಂಡಿತು. ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಶೂ ಬಿಚ್ಚಿ ಹಿಂದಕ್ಕೆ ಎಸೆದು, ಬರಿಗಾಲಲ್ಲಿ ಶುರು ಮಾಡಿದರು. ಕೂಡಿಗೆ ರಸ್ತೆಯುದ್ದಕ್ಕೂ ಕ್ಲಚ್ಚು ಸುಟ್ಟ ಆ ಘಾಟು. ನನ್ನ ಕಾಲಿಗೆ ಅಂದು ಕೈತುಂಬ ಕೆಲಸ ಎನ್ನಬೇಕು. ಅಷ್ಟಾದರೂ ಅವರು ಪ್ರತಿ ಸಲ ನಿಂತುಹೋದಾಗ ಬೆಪ್ಪಾಗುವ ಬದಲು ಏನೋ ಹೊಸ ಪ್ರಾಣಿ ಕಂಡವರಂತೆ ಗೇರು ಕೋಲನ್ನು ನೋಡುತ್ತಿದ್ದರು. ಆ ನೋಟ ನನಗೆ ಹಿಡಿಸಿತು.

ಒಂದು ಭಾನುವಾರ, ಪ್ರವಾಸಿಗಳ ಕಾರುಗಳು ಊರಿನ ಸರ್ಕಲ್ಲಿನಲ್ಲಿ ಎಲ್ಲ ದಿಕ್ಕಿನಿಂದಲೂ ಮೂಗು ತೂರಿಸಿ ನಿಂತಿದ್ದಾಗ, ಆಟೋ ಒಂದು ಆನಿಯ ಮುಂದೆ ಅಡ್ಡ ಬಂತು. ಅವರು ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ಟಿಬೆಟನ್ ಭಾಷೆಯಲ್ಲಿ ಚಿಕ್ಕದೊಂದು ಮಾತು ಹೇಳಿದರು. ಮಂತ್ರವಲ್ಲ ಎಂಬುದು ಧ್ವನಿಯಲ್ಲೇ ತಿಳಿಯುತ್ತಿತ್ತು. ಅರ್ಥವೇನೆಂದು ಕೇಳಿದೆ. ಕಿವಿಯ ತುದಿಯವರೆಗೆ ಕೆಂಪಾದರೇ ಹೊರತು ಹೇಳಲಿಲ್ಲ. ಸರ್ಕಲ್ ದಾಟಿ ನೆರಳಿಗೆ ಗಾಡಿ ನಿಲ್ಲಿಸಿದ ಮೇಲೆ, ನಗು ತಡೆಯಲಾಗದೆ, ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಮಠದಲ್ಲಿ ಇಷ್ಟು ವರ್ಷ ನಂಗೆ ಸಿಟ್ಟೇ ಇಲ್ಲ ಅಂದ್ಕೊಂಡಿದ್ದೆ ಅಕ್ಕ. ಸಿಟ್ಟಿತ್ತು. ಅಲ್ಲಿ ಟ್ರಾಫಿಕ್ ಇರ್ಲಿಲ್ಲ ಅಷ್ಟೆ."

ಈ ಮಾತು ಕೇಳಿದ ದಿನ ನಾನು ಮನೆಗೆ ಹೋಗಿ ಮೂರು ಸಲ ಹೇಳಿಕೊಂಡು ನಕ್ಕೆ. ನಗು ಮುಗಿದ ಮೇಲೆ ನನಗೊಂದು ಕುತೂಹಲ ಹುಟ್ಟಿತು. ಸಿಟ್ಟು ಬಂದದ್ದನ್ನು ಕಂಡು ಇವರು ನಾಚಿಕೊಂಡರು, ಆದರೆ ಕುಗ್ಗಲಿಲ್ಲ. ಕಳೆದುಹೋಗಿದ್ದ ವಸ್ತು ಮಂಚದ ಕೆಳಗೆ ಸಿಕ್ಕಿತು ಎಂಬಂತೆ ಹಿಗ್ಗಿದರಲ್ಲ, ಇದು ಯಾವ ಬಗೆಯ ಧರ್ಮ? ಆಗ ನನ್ನ ಮಗಳ ಫೋನಿನಲ್ಲಿ ಒಂದು ಆಪ್ ಇತ್ತು. ಅದು ಆಗಾಗ ಗಂಟೆ ಬಾರಿಸಿ ಉಸಿರಾಡಲು ನೆನಪಿಸುತ್ತಿತ್ತು. ಉಸಿರಾಡುವುದಕ್ಕೂ ಈಗ ರೀಚಾರ್ಜ್ ಮಾಡಿಸಬೇಕಾ ಎಂದು ಅವಳಪ್ಪ ಹಾಸ್ಯ ಮಾಡುತ್ತಿದ್ದರು. ನಾನು ಆ ಆಪಿನ ಕಥೆ ಹೇಳಿ, ನಿಮ್ಮ ಬುದ್ಧ ಈಗ ಫೋನಿನೊಳಗೆ ಬಂದುಬಿಟ್ಟಿದ್ದಾನೆ ನೋಡಿ ಎಂದು ಆನಿಯನ್ನು ಕೆಣಕಿದೆ. ಬರಲಿ ಬಿಡಿ, ಎಲ್ಲಿ ಜನ ಇದ್ದಾರೋ ಅಲ್ಲಿಗೆ ಬರಬೇಕಲ್ಲ ಎಂದರು ಅವರು. ಹಾಗೆಂದವರು ತಕ್ಷಣ, ಆದರೆ ಗಂಟೆ ಬಾರಿಸಿದ ಮೇಲೆ ಉಸಿರು ನೋಡುವುದು ಸುಲಭ, ಆಟೋದವನು ಅಡ್ಡ ಬಂದ ಮೇಲೆ ನೋಡುವುದೇ ಕಷ್ಟ ಎಂದು ಮತ್ತೆ ಕೆಂಪಾದರು.

ಮಳೆ ಹಿಡಿದ ಮೇಲೆ ಬೇರೆಯದೇ ತಾಪತ್ರಯ ಶುರುವಾಯಿತು. ಮೊದಲ ಮಳೆಗೆ ರಸ್ತೆಯ ಮೇಲೆಲ್ಲ ಎರೆಹುಳ, ಬಸವನಹುಳು, ಕಪ್ಪೆ. ಆನಿ ಪ್ರತಿಯೊಂದಕ್ಕೂ ಬ್ರೇಕು. ಒಮ್ಮೆ ಹಾಗೆ ಗಕ್ಕನೆ ನಿಂತಾಗ ಹಿಂದೆ ಬರುತ್ತಿದ್ದ ಮರಳು ಲಾರಿ ನಮ್ಮ ಡಿಕ್ಕಿಯ ಹತ್ತಿರ ಬಂದು ಹೇಗೋ ನಿಂತಿತು. ನನಗೆ ಜೀವ ಬಾಯಿಗೆ ಬಂತು. ಬಯ್ಯಬೇಡಿ ಎಂದು ಅವರು ಕೇಳಿಕೊಂಡಿದ್ದನ್ನೂ ಮರೆತು ಬಯ್ದೆ. ಆ ಲಾರಿಯೊಳಗೂ ಒಂದು ಜೀವ ಇದೆ, ಬಸವನಹುಳು ಉಳಿಸಲು ಹೋಗಿ ಅವನನ್ನು ಆಸ್ಪತ್ರೆಗೆ ಕಳಿಸುವುದು ಯಾವ ಅಹಿಂಸೆ ಎಂದು ಕೇಳಿದೆ.  ಅವರು ಕನ್ನಡಿಯ ಕಡೆ ತಿರುಗಿ, ಹೌದು ಅಕ್ಕ, ನಾನು ಮುಂದೆ ಮಾತ್ರ ನೋಡ್ತಿದ್ದೆ ಎಂದರು. ಅವತ್ತಿನಿಂದ ಅವರಷ್ಟು ಚೆನ್ನಾಗಿ ಹಿಂದಿನ ಕನ್ನಡಿ ನೋಡುವ ಇನ್ನೊಬ್ಬರು ನನಗೆ ಸಿಕ್ಕಿಲ್ಲ. ಹಿಂದೆ ಯಾರೂ ಇಲ್ಲದಿದ್ದರೆ ಕಪ್ಪೆಗೆ ದಾರಿ ಬಿಡುತ್ತಿದ್ದರು. ಇದ್ದರೆ ವೇಗ ಇಳಿಸಿಕೊಂಡು, ತುಟಿಯಲ್ಲಿ ಏನೋ ಹೇಳಿಕೊಂಡು, ಮುಂದೆ ಹೋಗುತ್ತಿದ್ದರು. ಹುಳ ಸತ್ತರೆ ಪಾಪ ಅಲ್ಲವೇ ಎಂದೆ. ನೋಡದೆ ಓಡಿಸುವುದು ಬೇರೆ, ನೋಡಿ ಓಡಿಸುವುದು ಬೇರೆ, ನೋಡುವುದಷ್ಟೇ ನನ್ನ ಕೈಲಿರುವುದು ಎಂದರು.

ಆ ನೋಡುವ ಅಭ್ಯಾಸ ಕೊನೆಗೆ ನನ್ನ ಬುಡಕ್ಕೇ ಬಂತು. ಅವರ ಕೈ ಚೆನ್ನಾಗಿ ಕುದುರಿತ್ತು. ಟೆಸ್ಟಿಗೆ ಸ್ವಲ್ಪ ದಿನ ಉಳಿದಿತ್ತು. ಒಂದು ದಿನ ಕೂಡ್ಲೂರು ರಸ್ತೆಯಲ್ಲಿ ಹೋಗುತ್ತ, ಕಣ್ಣನ್ನು ರಸ್ತೆಯಿಂದ ಕೀಳದೆ, ಅಕ್ಕ, ಈ ಗಾಡಿ ಯಾಕೋ ಭಾರ ಎಳೀತಿದೆ, ನಿಮ್ಮ ಕಾಲು ಎಲ್ಲಿದೆ ಎಂದು ಕೇಳಿದರು. ನಾನು ಕೆಳಗೆ ನೋಡಿದೆ. ಬ್ರೇಕನ್ನು ಕೂದಲೆಳೆಯಷ್ಟು ಒತ್ತಿಕೊಂಡೇ ಇದ್ದೆ. ಎಷ್ಟು ಹೊತ್ತಿನಿಂದಲೋ, ಎಷ್ಟು ವರ್ಷದಿಂದಲೋ. ನಮ್ಮ ಕಾರಿನ ಬ್ರೇಕ್ ಪ್ಯಾಡುಗಳು ಯಾಕೆ ಅಷ್ಟು ಬೇಗ ಸವೆಯುತ್ತವೆ ಎಂದು ಮೆಕ್ಯಾನಿಕ್ ತಲೆ ಕೆರೆದುಕೊಳ್ಳುತ್ತಿದ್ದದ್ದಕ್ಕೆ ಅಂದು ಉತ್ತರ ಸಿಕ್ಕಿತು.

ಆನಿ ಟೆಸ್ಟು ಪಾಸಾದರು. ಮಠದಿಂದ ನಮಗೆ ಒಂದು ಡಬ್ಬಿ ಸಿಹಿ ಬಂತು. ಅದರ ಹಿಂದೆಯೇ ಫೋನು. ಮುಂದಿನ ವಾರ ಗಾಳಿಬೀಡಿನ ಕಡೆ ಜೀಪು ತೆಗೆದುಕೊಂಡು ಹೊರಡಬೇಕು, ಮೊದಲ ಸಲ, ಪಕ್ಕದಲ್ಲಿ ನೀವಿದ್ದರೆ ಧೈರ್ಯ ಎಂದರು. ನನಗೆ ಇಲ್ಲ ಅನ್ನಲು ನೂರು ನೆಪ ನಾಲಿಗೆ ತುದಿಯಲ್ಲಿದ್ದವು. ಮೇಜಿನ ಆಚೆಯಿಂದ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಎದ್ದು ಹೋಗಿ ನನ್ನ ಸ್ವೆಟರ್ ತಂದು ಮೇಜಿನ ಮೇಲಿಟ್ಟರು. ಗಾಳಿಬೀಡಿನಲ್ಲಿ ಚಳಿ ಇರುತ್ತದೆ ಎಂದಷ್ಟೇ ಅಂದರು.

ಜೀಪಿನಲ್ಲಿ ಎಡಗಡೆ ಕುಳಿತು ಕಾಲು ಚಾಚಿದಾಗ ನನಗೆ ಹೊಳೆಯಿತು, ಅಲ್ಲಿ ಪೆಡಲೇ ಇಲ್ಲ. ಬರೀ ರಬ್ಬರ್ ಮ್ಯಾಟು. ಹಿಂದೆ ಔಷಧಿಯ ಪೆಟ್ಟಿಗೆಗಳು, ಇಬ್ಬರು ಹಿರಿಯ ಆನಿಯರು. ಆನೆಕಾಡು ಕಳೆದು ಸುಂಟಿಕೊಪ್ಪ ಬರುವವರೆಗೆ ನಾನು ಗೇರು, ಬಲಕ್ಕೆ, ನಿಧಾನ ಎಂದು ವಟಗುಟ್ಟುತ್ತಲೇ ಇದ್ದೆ. ಅಲ್ಲಿಂದ ಏರು ಶುರುವಾದಂತೆ ನನ್ನ ಬಾಯಿ ಕಟ್ಟಿತು. ಆ ಜಾಗ ಹತ್ತಿರವಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ಆನಿ ಅದನ್ನೂ ನೋಡಿದರು. ಗಾಡಿ ಪಕ್ಕಕ್ಕೆ ಎಳೆದು, ಅಗಲವಿದ್ದ ಕಡೆ ನಿಲ್ಲಿಸಿ, ಏನಾಯಿತು ಅಂದರು.

ಹೇಳಿದೆ. ಲಾರಿ, ಕಲ್ಲುಗೋಡೆ, ಕಾಲು, ಎಲ್ಲ. ಇವತ್ತಿಗೂ ಆ ತಿರುವನ್ನು ನಾನು ಕಣ್ಣು ಬಿಟ್ಟು ದಾಟಿಲ್ಲ ಎಂದೂ ಹೇಳಿದೆ. ಡ್ರೈವಿಂಗ್ ಕಲಿಸುವವಳ ಬಾಯಲ್ಲಿ ಈ ಮಾತು ಬಂದದ್ದಕ್ಕೆ ಅವರು ನಗಬಹುದಿತ್ತು. ನಗಲಿಲ್ಲ. ಯಾವ ತಿರುವು ತೋರಿಸಿ, ಇಳಿದು ನಡೆದುಕೊಂಡೇ ನೋಡಿ ಬರೋಣ ಎಂದರು. ಇಬ್ಬರೂ ರಸ್ತೆಯ ಪಕ್ಕದಲ್ಲಿ ನಡೆದೆವು. ಕಾಫಿ ತೋಟದ ಬೇಲಿ ನೆನಪಿತ್ತು. ತಂತಿಯ ಆಚೆಗಿದ್ದ ದೊಡ್ಡ ಹಲಸಿನ ಮರ ನೆನಪಿತ್ತು. ಹಲಸಿನ ಮರ ಸಿಕ್ಕಿತು. ತಿರುವು ಸಿಗಲಿಲ್ಲ.

ನಿಜವಾಗಿ ಹೇಳುತ್ತೇನೆ, ನಾನು ಮೂರ್ಖಳಂತೆ ಆ ಕಡೆಯಿಂದ ಈ ಕಡೆಗೆ ಓಡಾಡಿ ಹುಡುಕಿದೆ. ಕಲ್ಲುಗೋಡೆ ಇರಲಿಲ್ಲ. ರಸ್ತೆಬದಿಯ ಮಣ್ಣಿನ ದರೆ ಕಡಿದು ಹಿಂದಕ್ಕೆ ಸರಿಸಿದ್ದರು. ರಸ್ತೆ ಅಗಲವಾಗಿ, ಸುಮ್ಮನೆ ಒಂದಿಷ್ಟು ಬಾಗಿ, ಮೇಲಕ್ಕೆ ಹೋಗಿತ್ತು. ಹಳೆಯ ರಸ್ತೆಯ ತುಂಡೊಂದು ಪಕ್ಕದಲ್ಲಿ ಹುಲ್ಲು ಬೆಳೆದು ಮಲಗಿತ್ತು. ಅದರ ಮೇಲೆ ಯಾರೋ ಕಟ್ಟಿದ್ದ ಹಸು ಮೇಯುತ್ತಿತ್ತು. ಅಲ್ಲೇ ಹಸು ಕಾಯುತ್ತಿದ್ದ ಮುದುಕಿಯನ್ನು ಕೇಳಿದೆ.

"ತಿರ್ವಾ? ಅದ್ನ ನೇರ ಮಾಡಿ ಸುಮಾರು ವರ್ಷ ಆತಲ್ಲವ್ವ. ನೀವು ಈ ಕಡೀಕೆ ಬಂದೇ ಇಲ್ವಾ?"

ಬಂದಿದ್ದೇನೆ. ಎಷ್ಟೋ ಸಲ. ಕಣ್ಣು ಮುಚ್ಚಿಕೊಂಡು. ರಸ್ತೆಯವರು ಎಂದೋ ಕಡಿದು ನೇರ ಮಾಡಿದ್ದ ತಿರುವನ್ನು ನಾನೊಬ್ಬಳೇ ಮನಸ್ಸಿನೊಳಗೆ ಹಾಗೇ ಇಟ್ಟುಕೊಂಡು, ವರ್ಷ ವರ್ಷ ಅದಕ್ಕೆ ಹೊಸ ಡಾಂಬರು ಹಾಕಿಸುತ್ತಿದ್ದೆ. ನನಗೆ ಅಳು ಬರಬೇಕಿತ್ತು. ಬಂದದ್ದು ನಗು. ಎಂಥ ನಗು ಅಂದರೆ ಹಸು ಮೇಯುವುದು ಬಿಟ್ಟು ನನ್ನ ಕಡೆ ನೋಡಿತು. ಆನಿ ನನ್ನ ಕೈ ಹಿಡಿದುಕೊಂಡು ತಾವೂ ನಗತೊಡಗಿದರು. ಯಾವುದೂ ನಿಲ್ಲುವುದಿಲ್ಲ ಅಂತ ನಮಗೆ ಚಿಕ್ಕಂದಿನಿಂದ ಬಾಯಿಪಾಠ ಮಾಡಿಸುತ್ತಾರೆ, ಸಾವಿನ ಬಗ್ಗೆ ಹೇಳುತ್ತಾರೆ ಎಂದೇ ನಾನು ತಿಳಿದಿದ್ದೆ, ಹೀಗೆ ಒಳ್ಳೆಯದಕ್ಕೂ ಆಗುತ್ತದೆ ಅಂತ ಯಾರೂ ರಸ್ತೆ ತೋರಿಸಿ ಹೇಳಿರಲಿಲ್ಲ ಎಂದರು.

ಗಾಳಿಬೀಡಿನ ಆಚೆಯ ಲೈನ್ ಮನೆಗಳಲ್ಲಿ ಅವತ್ತು ಕಳೆದ ಹೊತ್ತು ಒಂದು ಹಬ್ಬ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಂದು ಕೋಣೆ ಖಾಲಿ ಮಾಡಿಸಿಕೊಟ್ಟಿದ್ದರು. ಕಾಫಿ ಪಿಕ್ಕಿಂಗಿಗೆಂದು ಎಲ್ಲೆಲ್ಲಿಂದಲೋ ಬಂದವರು, ತಮಿಳು ಆಡುವವರು, ಮಲಯಾಳ ಆಡುವವರು, ಅಸ್ಸಾಮಿನ ಕಡೆಯವರು, ಎಲ್ಲರ ನಾಡಿ ಹಿಡಿದು ಹಿರಿಯ ಆನಿಯರು ಟಿಬೆಟನ್ನಿನಲ್ಲಿ ಹೇಳುವರು, ನಮ್ಮ ಆನಿ ಅದನ್ನು ಒಬ್ಬೊಬ್ಬರಿಗೆ ಅವರವರ ಮಾತಿನಲ್ಲಿ ಹರಕುಮುರುಕಾಗಿ ತಲುಪಿಸುವರು. ಒಬ್ಬ ಅಜ್ಜಿಗೆ ಮಾತ್ರೆಗಿಂತ ಜೀಪಿನ ಮೇಲೆಯೇ ಕಣ್ಣು. ಇದನ್ನು ನೀನೇ ಓಡಿಸಿಕೊಂಡು ಬಂದೆಯಾ ಎಂದು ತಿರುತಿರುಗಿ ಕೇಳಿ, ಹೌದೆಂದ ಮೇಲೆ ಜೀಪಿನ ಸುತ್ತ ಒಂದು ಸುತ್ತು ಬಂದು ಅದರ ಮೂತಿ ಸವರಿದಳು. ನನ್ನ ಎದೆ ಉಬ್ಬಿತು. ಇವರಿಗೆ ಕಲಿಸಿದ್ದು ನಾನು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಇಳಿದು ಬರುವಾಗ ಸಂಜೆಯಾಗಿತ್ತು. ಇನ್ನೂ ಬೆಳಕಿತ್ತು. ಆನೆಕಾಡಿನ ನಡುವೆ, ಎಡಗಡೆಯ ಬಿದಿರು ಮೆಳೆಯಿಂದ ಒಂದು ಹೆಣ್ಣಾನೆ ರಸ್ತೆಗೆ ಬಂತು. ಅದರ ಕಾಲ ಬಳಿ ಮರಿ. ಆನಿ ದೂರದಲ್ಲೇ ಗಾಡಿ ನಿಲ್ಲಿಸಿದರು. ನಮ್ಮ ಹಿಂದೆ ಬಂದ ಕಾರಿನವನು ಏನಾಯಿತೆಂದು ತಿಳಿಯದೆ ಉದ್ದಕ್ಕೆ ಹಾರನ್ ಒತ್ತಿದ. ತಾಯಿ ತಿರುಗಿತು. ಕಿವಿಗಳು ಎರಡು ಬಾಗಿಲಿನಂತೆ ಅಗಲವಾದವು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ಮ್ಯಾಟನ್ನು ಒತ್ತತೊಡಗಿತು. ಹೆದರಿಕೆಯಲ್ಲಿ ಅಷ್ಟು ದಿನದ 'ನೀವು' ಹೋಗಿ 'ನೀನು' ಬಂತು, ರಿವರ್ಸ್ ಹಾಕು, ಹಾಕು ಎಂದು ಪಿಸುಗುಟ್ಟಿದೆ. ಆನಿ ಕನ್ನಡಿ ನೋಡಿದರು. ಹಿಂದಿನ ಕಾರು ನಮಗೆ ಅಂಟಿಕೊಂಡೇ ನಿಂತಿತ್ತು. ಆಗುವುದಿಲ್ಲ ಎಂದು ತಲೆಯಾಡಿಸಿ, ಎಂಜಿನ್ ಆರಿಸಿ, ಕಿಟಕಿಯಿಂದ ಕೈ ಹೊರಹಾಕಿ ಹಿಂದಿನವನಿಗೆ ಸುಮ್ಮನಿರಲು ಸನ್ನೆ ಮಾಡಿದರು. ಹಾರನ್ ನಿಂತಿತು. ಹಿಂದಿನ ಸೀಟಿನಿಂದ ಹಿರಿಯ ಆನಿಯರ ಜಪದ ಪಿಸುಮಾತು ಕೇಳಿಸುತ್ತಿತ್ತು. ಭಯ ಓಡಿಸುವ ಮಂತ್ರ ಯಾವುದಾದರೂ ಇದ್ದರೆ ನನಗೂ ಹೇಳಿಕೊಡಿ ಎಂದೆ.

"ಭಯಾನ ಓಡಿಸೋಕೆ ಹೋಗ್ಬೇಡಿ ಅಕ್ಕ," ಎಂದರು ಆನಿ, ಆನೆಯಿಂದ ಕಣ್ಣು ತೆಗೆಯದೆ. "ಬಂದಿದೆ, ಇರ್ಲಿ. ನೋಡ್ತಾ ಇರಿ. ನಾವು ಗಾಡಿ ಓಡಿಸಿದ್ರೆ ಸಾಕು."

ನೋಡಿದೆ. ಬೇರೆ ಏನು ಮಾಡಲಿ, ನನ್ನ ಬಳಿ ಪೆಡಲೂ ಇರಲಿಲ್ಲ. ಬಾಯಿ ಒಣಗಿತ್ತು. ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಬೆನ್ನಹುರಿಯ ಕೆಳಗೆ ತಣ್ಣಗೆ ಏನೋ ಹರಿಯುತ್ತಿತ್ತು. ಇದೇನಾ ಭಯ, ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ, ಮ್ಯಾಟನ್ನು ಅಮುಕಿ ಹಿಡಿದಿದ್ದ ನನ್ನ ಕಾಲು ಕಣ್ಣಿಗೆ ಬಿತ್ತು. ಎಷ್ಟು ವರ್ಷ ದುಡಿದಿದೆ ಪಾಪ ಎನಿಸಿತು. ಅದನ್ನು ಮೇಲಕ್ಕೆತ್ತಿ ಸೀಟಿನ ಮೇಲೆ ಮಡಚಿ, ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ. ಭಯ ಹೋಗಲಿಲ್ಲ, ಅಲ್ಲೇ ಇತ್ತು. ಆದರೆ ಅದರ ಜೊತೆಗೆ ಬೇರೆಯವೂ ಕಾಣತೊಡಗಿದವು. ಮರಿಯ ಹಣೆಯ ಮೇಲಿನ ಒರಟು ಕೂದಲು, ತಾಯಿಯ ಬೆನ್ನಿಗೆ ಅಂಟಿದ್ದ ಕೆಮ್ಮಣ್ಣು, ರಸ್ತೆಯಂಚಿನಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಮರಿ ಸೊಂಡಿಲಿನಿಂದ ಉರುಳಿಸುತ್ತ, ಅದು ಸದ್ದು ಮಾಡಿದಾಗ ತಾನೇ ಬೆಚ್ಚಿ ಹಿಂದೆ ಸರಿಯುವುದು. ತಾಯಿಯ ಕಿವಿ ಮೆಲ್ಲಗೆ ಮಡಚಿತು. ಅದು ಮರಿಯ ಹಿಂಭಾಗವನ್ನು ಸೊಂಡಿಲಿನಿಂದ ಒಮ್ಮೆ ತಳ್ಳಿ, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಬಲಗಡೆಯ ಕಾಡಿಗೆ ನಡೆದುಹೋಯಿತು.

ಆನಿ ಎಂಜಿನ್ ಹಚ್ಚಲು ಹೋದರು. ಗೇರಿನಲ್ಲೇ ಕೀಲಿ ತಿರುಗಿಸಿಬಿಟ್ಟರು, ಜೀಪು ಮೊದಲ ದಿನದ ಕಾರಿನಂತೆ ಕುಪ್ಪಳಿಸಿ ನಿಂತಿತು. ನನ್ನ ಕಡೆ ತಿರುಗಿ, ನೋಡಿ, ನನಗೂ ಭಯ ಬಂದಿತ್ತು ಎಂದರು. ಕುಶಾಲನಗರ ಬರುವವರೆಗೆ ಜೀಪಿನಲ್ಲಿದ್ದ ನಾಲ್ವರೂ ಒಟ್ಟಿಗೆ ಮಾತಾಡಿದೆವು, ಎರಡು ಭಾಷೆಯಲ್ಲಿ, ಯಾರ ಮಾತು ಯಾರೂ ಕೇಳಿಸಿಕೊಳ್ಳದೆ, ಶಾಲೆಯ ಪ್ರವಾಸದಿಂದ ಮರಳುವ ಮಕ್ಕಳ ಹಾಗೆ.

ಮನೆಗೆ ಬಂದವಳೇ ಯಜಮಾನರಿಗೆ ಮೊದಲು ಹೇಳಿದ್ದು ಆನೆಯ ಸುದ್ದಿಯಲ್ಲ. ಆ ತಿರುವು ಈಗ ಇಲ್ಲ ಎಂದೆ.  ನಂಗೊತ್ತು, ನೀನೇ ಒಂದಿನ ನೋಡ್ತೀಯ ಅಂತ ಸುಮ್ನಿದ್ದೆ ಎಂದರು ಅವರು. ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾರು ಕಲಿಸು ಎಂದು ಅವಳು ಆ ದಿನ ಕೇಳಿರಲಿಲ್ಲ. ನಾಳೆ ಬ್ಯಾಂಕಿಗೆ ಹೋಗುವ ಮೊದಲು ಒಂದು ಗಂಟೆ ಬೇಗ ಏಳು, ಕಾರಿನಲ್ಲಿ ಬಲಗಡೆ ಕೂರು ಎಂದೆ. ಅವಳ ಕೈಯಿಂದ ಕಾಫಿ ತುಳುಕಿತು. ನಾನು ಕಾಲು ಒತ್ತದೆ, ನನ್ನ ಪಾಡಿಗೆ ನೋಡುತ್ತ ಕುಳಿತಿದ್ದೆ.

ಈಗ ಆನಿ ದೋಲ್ಕರ್ ಮಠದ ಇಬ್ಬರು ಎಳೆಯ ಆನಿಯರಿಗೆ ಜೀಪು ಕಲಿಸುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ, ಕಲಿಯುವುದೇ ಸುಖ, ಕಲಿಸುವುದು ದೊಡ್ಡ ತಪಸ್ಸು, ನೀವು ಇಷ್ಟು ವರ್ಷ ಹೇಗೆ ಮಾಡಿದಿರಿ ಎಂದು ಕೇಳಿದರು. ಅಷ್ಟು ಹಳೆಯ ಬೋಧನೆ ಈ ಗಡಿಬಿಡಿಯ ಕಾಲಕ್ಕೆ ಏನು ಪ್ರಯೋಜನ ಎಂದು ಯಾರಾದರೂ ನನ್ನನ್ನು ಕೇಳಿದರೆ ಶಾಸ್ತ್ರ ಹೇಳಲು ನನಗೆ ಬರುವುದಿಲ್ಲ. ದೊಡ್ಡ ದೊಡ್ಡ ಪ್ರಾರ್ಥನಾ ಮಂದಿರಗಳ ಬಂಗಾರದ ಮೂರ್ತಿಗಳ ಮುಂದೆ ಫೋಟೋ ಹೊಡೆಸಿಕೊಂಡು ಬರುವವರಿಗೆ ನಾನು ಹೇಳುವುದೂ ಇಲ್ಲ. ಆದರೆ ನೀವು ಓದುವವರು, ಇಷ್ಟು ದೂರ ನನ್ನ ಜೊತೆ ಬಂದವರು. ನಿಮಗೆ ಹೇಳಬಹುದು. ಎಲ್ಲೋ ಒಂದು ತಿರುವು ನಿಮಗೂ ಇದ್ದರೆ, ಒಮ್ಮೆ ಗಾಡಿ ನಿಲ್ಲಿಸಿ, ಇಳಿದು, ಅದು ಇನ್ನೂ ಅಲ್ಲಿದೆಯೇ ಎಂದು ನೋಡಿಬನ್ನಿ.

ಭಾನುವಾರ ಆ ಪ್ರವಾಸಿಗಳ ಕಾರು ಕೊನೆಗೂ ಪಕ್ಕಕ್ಕೆ ಸರಿಯಿತು. ಮಗಳು ಗೇರು ಬದಲಿಸಿ ಅದನ್ನು ಹಿಂದೆ ಹಾಕಿದಳು. ಮುಂದೆ ಅವಳ ಪಕ್ಕದಲ್ಲಿ ಕುಳಿತ ಯಜಮಾನರು ರೇಡಿಯೋದಲ್ಲಿ ಏನೋ ಹುಡುಕುತ್ತಿದ್ದರು. ನಾವು ಗಾಳಿಬೀಡಿನಲ್ಲಿ ಅವಳ ಗೆಳತಿಯ ಮನೆಗೆ ಊಟಕ್ಕೆ ಹೊರಟಿದ್ದೆವು. ಬಿಸಿಲು ನನ್ನ ಮಡಿಲಲ್ಲಿ ಬಿದ್ದಿತ್ತು. ಮಡಿಕೇರಿಯ ಮೊದಲ ಮನೆಗಳು ಕಂಡದ್ದು ನೆನಪಿದೆ. ಆಮೇಲೆ ಕಾರು ನಿಂತಿದೆ, ಎಂಜಿನ್ ಆರಿದೆ, ಯಾರೋ ನನ್ನ ಭುಜ ಮುಟ್ಟುತ್ತಿದ್ದಾರೆ. ಕಣ್ಣು ಬಿಟ್ಟರೆ ಮಗಳು. ಅವಳ ಮುಖದಲ್ಲಿ, ಲೈಸೆನ್ಸ್ ಕೈಗೆ ಬಂದ ದಿನವೂ ನಾನು ಕಾಣದ ಒಂದು ಹೊಳಪು.

"ಅಮ್ಮ, ನೀನು ನಿದ್ದೆ ಮಾಡ್ಬಿಟ್ಟೆ," ಎಂದಳು, ಮೆಲ್ಲಗೆ. "ನಾನು ಓಡಿಸ್ತಿದ್ದೆ, ನೀನು ನಿದ್ದೆ ಮಾಡ್ಬಿಟ್ಟೆ."